ಬೋನ್ಸಾಯ್‌ಗೂ ಸಕ್ಯುಲೆಂಟ್‌ಗೂ ಮಣ್ಣು ಆರಿಸುವ ಬಗೆ

ಗಿಡ ಸೊರಗಿತು ಅಂದಾಗ ಎಲ್ಲರೂ ಮೊದಲು ಕೇಳುವುದು ಒಂದೇ: ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು? ಮಣ್ಣು ನೋಡದೆ ನಾನು ಇದಕ್ಕೆ ಉತ್ತರ ಹೇಳುವುದಿಲ್ಲ. ಕುಂಡದಿಂದ ಒಂದು ಹಿಡಿ ಒದ್ದೆ ಮಣ್ಣು ತೆಗೆದು, ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಿ, ಕೈ ಬಿಚ್ಚಿ ನೋಡುತ್ತೇನೆ. ಉಂಡೆ ಕಟ್ಟಿಕೊಂಡು, ಮೇಲೆ ಬೆರಳಿನ ಗುರುತು ಮೂಡಿ ಹಾಗೇ ಕೂತಿದ್ದರೆ ಆ ಗಿಡಕ್ಕೆ ನೀರಿನ ಲೆಕ್ಕ ಸರಿಮಾಡಿ ಪ್ರಯೋಜನವಿಲ್ಲ, ಮಣ್ಣನ್ನೇ ಬದಲಿಸಬೇಕು. ಕೈ ಬಿಚ್ಚಿದ ಕೂಡಲೇ ಹರಳು ಹರಳಾಗಿ ಉದುರಿದರೆ ಮುಂದಿನ ಮಾತು ಆಡಬಹುದು.

ಕುಂಡದಲ್ಲೇ ಕುಬ್ಜವಾಗಿ ಬೆಳೆಸುವ ಮರ ಬೋನ್ಸಾಯ್; ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ ಸಕ್ಯುಲೆಂಟ್. ನಾನು ಎರಡೂ ಬಗೆಯ ಗಿಡಗಳನ್ನು ಅಕ್ಕಪಕ್ಕದಲ್ಲೇ ಬೆಳೆಸುತ್ತೇನೆ. ಹಲಗೆಯ ಒಂದು ತುದಿಗೆ ಚಪ್ಪಟೆ ಕುಂಡಗಳಲ್ಲಿ ಫೈಕಸ್, ಜುನಿಪರ್. ಇನ್ನೊಂದು ತುದಿಗೆ ಹಾವರ್ಥಿಯ, ಎಚೆವೆರಿಯ, ಲಿಥಾಪ್ಸ್. ನಡುವೆ, ಎರಡೂ ಗುಂಪಿಗೆ ಸೇರಿದ ಜೇಡ್. ಫೈಕಸ್‌ಗೆ ನೀರು ತಪ್ಪುವ ಹಾಗಿಲ್ಲ, ಲಿಥಾಪ್ಸ್‌ಗೆ ಕೆಲವು ತಿಂಗಳು ನೀರು ತೋರಿಸುವ ಹಾಗಿಲ್ಲ. ಇಷ್ಟು ದೂರದ ಸ್ವಭಾವದವಕ್ಕೂ ನಾನು ಮಣ್ಣು ಕಲಸುವುದು ಅದೇ ಡಬ್ಬಿಗಳಿಂದ, ಅದೇ ಜರಡಿಗಳಲ್ಲಿ ಸೋಸಿ. ಯಾಕೆಂದರೆ ಬೇರಿಗೆ ಉಸಿರಾಡಲು ಗಾಳಿ ಬೇಕು ಅನ್ನುವ ವಿಷಯದಲ್ಲಿ ಇವೆರಡಕ್ಕೂ ಭೇದವಿಲ್ಲ. ಹಾಗಾಗಿ ಚೀಲದ ಮೇಲೆ ಏನು ಬರೆದಿದೆ ಎಂದು ನೋಡುವುದಕ್ಕೆ ಮೊದಲು, ಒಳಗಿರುವ ಹರಳು ಎಷ್ಟು ದಪ್ಪ ಇದೆ ನೋಡಿ ಎಂಬುದೇ ನನ್ನ ಮೊದಲ ಮಾತು, ಮುಖ್ಯ ಮಾತು ಕೂಡ.

ಕುಂಡದ ತಳದಲ್ಲಿ ನಿಲ್ಲುವ ನೀರು

ಪಾತ್ರೆ ತೊಳೆಯುವ ಚೌಕಾಕಾರದ ಸ್ಪಂಜು ಒಂದನ್ನು ತೆಗೆದುಕೊಳ್ಳಿ. ನೀರಿನಲ್ಲಿ ಪೂರ್ತಿ ಅದ್ದಿ, ಅಂಗೈ ಮೇಲೆ ಅಡ್ಡಡ್ಡ ಮಲಗಿಸಿ. ಸ್ವಲ್ಪ ಹೊತ್ತು ನೀರು ಸುರಿದು, ಆಮೇಲೆ ತೊಟ್ಟಿಕ್ಕಿ, ಕೊನೆಗೆ ನಿಲ್ಲುತ್ತದೆ. ಈಗ ಹಿಂಡಬೇಡಿ, ಸುಮ್ಮನೆ ಅದನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ಬಸಿದು ಮುಗಿಯಿತು ಅಂದುಕೊಂಡ ಸ್ಪಂಜಿನಿಂದ ಮತ್ತೆ ನೀರು ಇಳಿಯಲು ಶುರುವಾಗುತ್ತದೆ. ಸ್ಪಂಜು ಅದೇ, ಅದರ ತೂತುಗಳೂ ಅವೇ. ಬದಲಾದದ್ದು ಎತ್ತರ ಮಾತ್ರ.

ಕುಂಡದೊಳಗೂ ನಡೆಯುವುದು ಇದೇ. ಮಣ್ಣಿನ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ನೀರಿನ ಭಾರ ಕೆಳಗೆ ಎಳೆಯುತ್ತದೆ. ತಳದಲ್ಲಿ ತೂತು ಎಷ್ಟೇ ದೊಡ್ಡದಿರಲಿ, ಒಂದು ಮಟ್ಟದಿಂದ ಕೆಳಗೆ ಮಣ್ಣು ನೀರು ಬಿಟ್ಟುಕೊಡುವುದಿಲ್ಲ, ಆ ಪದರದ ಸಂದುಗಳೆಲ್ಲ ತುಂಬಿಕೊಂಡೇ ಇರುತ್ತವೆ. ಆ ಪದರದ ದಪ್ಪವನ್ನು ನಿರ್ಧರಿಸುವುದು ಸಂದಿನ ಅಗಲ, ಅಂದರೆ ಹರಳಿನ ಗಾತ್ರ. ನುಣುಪಾದ ತೋಟದ ಮಣ್ಣಿನಲ್ಲಿ, ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್‌ನಲ್ಲಿ ಅದು ಹಲವು ಸೆಂಟಿಮೀಟರ್ ಮೇಲೇರುತ್ತದೆ. 3 ರಿಂದ 5 ಮಿಲಿಮೀಟರ್ ಹರಳಿನಲ್ಲಿ ತಳಕ್ಕೆ ಅಂಟಿದ ಸಣ್ಣ ಪದರವಾಗಿ ಉಳಿಯುತ್ತದೆ.

ಕುಂಡದ ಆಳ ಇದರ ಲೆಕ್ಕಕ್ಕೆ ಬರುವುದೇ ಇಲ್ಲ ಎಂಬುದು ಬೋನ್ಸಾಯ್ ಬೆಳೆಸುವವರು ಮನಸ್ಸಿಗೆ ತೆಗೆದುಕೊಳ್ಳಬೇಕಾದ ಸಂಗತಿ. ಒಂದು ಮಣ್ಣು 5 ಸೆಂ.ಮೀ. ಎತ್ತರದವರೆಗೆ ನೀರು ಹಿಡಿಯುತ್ತದೆ ಅಂದುಕೊಳ್ಳಿ. 25 ಸೆಂ.ಮೀ. ಆಳದ ಕುಂಡದಲ್ಲಿ ಅದರ ಮೇಲೆ 20 ಸೆಂ.ಮೀ. ಗಾಳಿಯಾಡುವ ಜಾಗ ಉಳಿಯುತ್ತದೆ, ಗಿಡ ಹೇಗೋ ಬದುಕಿಕೊಳ್ಳುತ್ತದೆ. ಅದೇ ಮಣ್ಣನ್ನು 5 ಸೆಂ.ಮೀ. ಆಳದ ತಟ್ಟೆಯಂಥ ಬೋನ್ಸಾಯ್ ಕುಂಡಕ್ಕೆ ತುಂಬಿದರೆ ಬೇರುಗಳೆಲ್ಲ ಬುಡದಿಂದ ತುದಿಯವರೆಗೆ ನೀರಿನಲ್ಲೇ ಕೂತಂತೆ. ದೊಡ್ಡ ಕುಂಡದಲ್ಲಿ ಚೆನ್ನಾಗಿದ್ದ ಗಿಡ ಚಪ್ಪಟೆ ಕುಂಡಕ್ಕೆ ಬಂದ ಮೇಲೆ, ಅದೇ ಮಣ್ಣಿನಲ್ಲಿ, ಅದೇ ಕೈಯಿಂದ ನೀರು ಕುಡಿದು ಹಳದಿಯಾಗುವುದು ಈ ಕಾರಣಕ್ಕೆ.

ನೀರು ತುಂಬಿದ ಸಂದಿನಲ್ಲಿ ಆಮ್ಲಜನಕ ಚಲಿಸುವ ವೇಗ, ಗಾಳಿ ತುಂಬಿದ ಸಂದಿನಲ್ಲಿ ಚಲಿಸುವ ವೇಗಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರು ನೀರನ್ನೂ ಹೀರಲಾರದು. ಹಾಗಾಗಿ ನೀರಿನಲ್ಲಿ ನಿಂತ ಗಿಡದ ಎಲೆಯೂ ಬಾಡುತ್ತದೆ, ನೀರಿಲ್ಲದ ಗಿಡದ ಎಲೆಯೂ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ಚೊಂಬು ನೀರು ಸುರಿಯುವವರೇ ಹೆಚ್ಚು. ಇದರ ಮೇಲೆ ಪಿಥಿಯಂ, ಫೈಟಾಪ್ತೊರದಂಥ ಕೊಳೆರೋಗದ ಜೀವಿಗಳು ನೀರಿನಲ್ಲಿ ಈಜಬಲ್ಲ ಬೀಜಾಣುಗಳ ಮೂಲಕ ಬೇರಿನಿಂದ ಬೇರಿಗೆ ಹರಡುತ್ತವೆ. ನೀರು ಕಟ್ಟಿದ ಮಣ್ಣು ಅವಕ್ಕೆ ರಾಜಮಾರ್ಗ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನೀರು ಚೆನ್ನಾಗಿ ಬಸಿಯಲಿ ಎಂದು ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿ, ಅದರ ಮೇಲೆ ನುಣುಪು ಮಣ್ಣು ತುಂಬುವ ಪದ್ಧತಿ ಎಲ್ಲ ಕಡೆ ಇದೆ. ದಯವಿಟ್ಟು ಬಿಟ್ಟುಬಿಡಿ. ನುಣುಪು ಮಣ್ಣು ತನ್ನೊಳಗಿನ ನೀರನ್ನು ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಮಾಯವಾಗುವುದಿಲ್ಲ, ಜಲ್ಲಿಯಷ್ಟೇ ಎತ್ತರ ಮೇಲೇರಿ ಬೇರಿನ ಹತ್ತಿರಕ್ಕೆ ಬರುತ್ತದೆ. ಕುಂಡದ ತೂತಿಗೆ ಒಂದು ತುಂಡು ಪ್ಲಾಸ್ಟಿಕ್ ಜಾಲರಿ ಸಾಕು. ಅಲ್ಲಿಂದ ಮೇಲಿನ ಅಂಚಿನವರೆಗೆ ಒಂದೇ ಮಿಶ್ರಣ ತುಂಬಿ.

ಜರಡಿ ಹಿಡಿಯುವುದು

ಈ ಕೆಲಸ ಬೇಸರದ್ದು, ಧೂಳಿನದ್ದು. ಆದರೂ ಇಡೀ ವಿಷಯದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನನ್ನ ಹತ್ತಿರ ಮೂರು ಜರಡಿಗಳಿವೆ: 6 ಮಿ.ಮೀ., 3 ಮಿ.ಮೀ., 1.5 ಮಿ.ಮೀ. ಕಣ್ಣಿನವು. ಒಣಗಿದ ಮಣ್ಣನ್ನೋ ಇಟ್ಟಿಗೆ ನುಚ್ಚನ್ನೋ ಮೊದಲು ದಪ್ಪ ಜರಡಿಗೆ ಹಾಕುತ್ತೇನೆ. ಮೇಲುಳಿದದ್ದನ್ನು ಮತ್ತೆ ಕುಟ್ಟಲು ಎತ್ತಿಡುತ್ತೇನೆ. ಕೆಳಗೆ ಬಿದ್ದದ್ದು 3 ಮಿ.ಮೀ. ಜರಡಿಗೆ ಹೋಗುತ್ತದೆ. ಅದರ ಮೇಲುಳಿಯುವುದು ದೊಡ್ಡ ಬೋನ್ಸಾಯ್‌ಗಳಿಗೆ, ಅಡೀನಿಯಂಗೆ, ಆಳವಾದ ಕುಂಡಗಳಿಗೆ. ಅದರಿಂದ ಇಳಿದು 1.5 ಮಿ.ಮೀ. ಜರಡಿಯ ಮೇಲೆ ನಿಲ್ಲುವುದು ಅಂಗೈಯಗಲದ ಪುಟ್ಟ ಕುಂಡಗಳಿಗೆ, ಹಾವರ್ಥಿಯಕ್ಕೆ, ಎಳೆ ಸಸಿಗಳಿಗೆ. ಅದಕ್ಕಿಂತ ಸಣ್ಣದೆಲ್ಲ ಕುಂಡಕ್ಕೆ ಹೋಗಬಾರದು, ಅದನ್ನು ನೆಲದ ಗಿಡಗಳ ಬುಡಕ್ಕೆ ಸುರಿಯುತ್ತೇನೆ.

ಒಂದೇ ಗಾತ್ರ ಯಾಕೆ ಮುಖ್ಯ ಎಂದು ಕಣ್ಣಾರೆ ಕಾಣಬೇಕಾದರೆ ಒಂದು ಲೋಟ ಸಣ್ಣ ಬೆಣಚುಕಲ್ಲು, ಅದೇ ಅಳತೆಯ ಒಂದು ಲೋಟ ನುಣುಪು ಮರಳು ತಂದು ಒಂದು ಪಾತ್ರೆಯಲ್ಲಿ ಬೆರೆಸಿ. ಎರಡು ಲೋಟ ಆಗಬೇಕಿತ್ತು, ಆಗುವುದಿಲ್ಲ. ಮರಳು ಹೋಗಿ ಕಲ್ಲಿನ ಸಂದುಗಳಲ್ಲಿ ಸೇರಿಕೊಂಡಿರುತ್ತದೆ. ಕಡಿಮೆಯಾದಷ್ಟು ಜಾಗ ಗಾಳಿಯದ್ದಾಗಿತ್ತು. ಬಸಿಯಲಿ ಎಂದು ಮಣ್ಣಿಗೆ ಕಟ್ಟಡದ ಸಣ್ಣ ಮರಳು ಬೆರೆಸಿದಾಗ ಆಗುವುದು ಇದೇ. ಜೇಡಿಮಣ್ಣಿಗೆ ಬೆರೆಸಿದರಂತೂ ಒಣಗಿದ ಮೇಲೆ ಅದು ಹಲಗೆಯಾಗಿ ಸೆಟೆದುಕೊಳ್ಳುತ್ತದೆ.

ಸೋಸುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಸಾಧ್ಯವಾದರೆ ಸ್ವಲ್ಪ ನೀರು ಚಿಮುಕಿಸಿ. ಪರ್ಲೈಟ್, ಇಟ್ಟಿಗೆ, ಪ್ಯೂಮಿಸ್ ಮೂರರ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು.

ಯಾವುದರಿಂದ ಏನು ಸಿಗುತ್ತದೆ

ಹರಳು ಗಟ್ಟಿಯಾಗಿರಬೇಕು, ಒಳಗೆ ಸಣ್ಣ ತೂತುಗಳಿದ್ದು ಪಸೆ ಹಿಡಿಯಬೇಕು, ನೀರಿನಲ್ಲಿ ಕರಗಬಾರದು. ಈ ಮೂರು ಗುಣವಿದ್ದರೆ ಅದರ ಊರು ಯಾವುದೆಂದು ನಾನು ಕೇಳುವುದಿಲ್ಲ.

ಪ್ಯೂಮಿಸ್ ನನ್ನ ಮೊದಲ ಆಯ್ಕೆ. ಜ್ವಾಲಾಮುಖಿಯ ನೊರೆ ಗಟ್ಟಿಯಾಗಿ ಆದ ಕಲ್ಲು ಅದು, ಹಗುರ, ವರ್ಷಗಟ್ಟಲೆ ಪುಡಿಯಾಗುವುದಿಲ್ಲ, ಮೈತುಂಬ ಇರುವ ತೂತುಗಳಲ್ಲಿ ನೀರು ಹಿಡಿದುಕೊಂಡು ಹರಳುಗಳ ನಡುವೆ ಗಾಳಿ ಬಿಡುತ್ತದೆ. ಒದ್ದೆಯಾದಾಗ ಕಪ್ಪಾಗಿ, ಒಣಗಿದಾಗ ತಿಳಿಬಣ್ಣಕ್ಕೆ ತಿರುಗುವುದರಿಂದ ನೀರು ಬೇಕೋ ಬೇಡವೋ ದೂರದಿಂದಲೇ ಗೊತ್ತಾಗುತ್ತದೆ. ಲಾವಾ ಕಲ್ಲಿನ ನುಚ್ಚು ಇದಕ್ಕಿಂತ ಭಾರ, ಪಸೆ ಸ್ವಲ್ಪ ಕಡಿಮೆ. ಗಾಳಿಗೆ ಬೀಳುವ ಎತ್ತರದ ಗಿಡಗಳಿಗೆ ಆ ಭಾರವೇ ಉಪಕಾರ.

ಅಕಡಾಮ ಜಪಾನಿನ ಜ್ವಾಲಾಮುಖಿ ಬೂದಿಯಿಂದಾದ ಜೇಡಿಯ ಹರಳು. ಬೋನ್ಸಾಯ್ ಲೋಕದಲ್ಲಿ ಅದಕ್ಕೆ ದೊಡ್ಡ ಹೆಸರು, ಅದು ಸುಮ್ಮನೆ ಬಂದ ಹೆಸರಲ್ಲ. ನೀರನ್ನೂ ಗೊಬ್ಬರವನ್ನೂ ಹಿಡಿದಿಡುತ್ತದೆ, ಬೇರು ಬೆಳೆಯುತ್ತ ಹರಳನ್ನೇ ಸೀಳಿಕೊಂಡು ಸಣ್ಣ ಸಣ್ಣ ಕವಲಾಗುತ್ತದೆ. ಕುಂಡ ಬದಲಿಸುವಾಗ ಒಂದು ಹರಳನ್ನು ಉಗುರಿನಿಂದ ಬಿಡಿಸಿ ನೋಡಿ, ಒಳಗೂ ಕೂದಲೆಳೆಯಂಥ ಬೇರು ಹೊಕ್ಕಿರುತ್ತದೆ. ಆದರೆ ಎರಡು ಮೂರು ವರ್ಷದಲ್ಲಿ ಅದು ಪುಡಿಯಾಗಿ ಕೆಸರಾಗುತ್ತದೆ, ಹಿಮ ಬೀಳುವ ಕಡೆ ಇನ್ನೂ ಬೇಗ. ಸಿಕ್ಕರೆ ಬಳಸಿ. ಸಿಗದಿದ್ದರೆ ಬೋನ್ಸಾಯ್ ಆಗುವುದೇ ಇಲ್ಲ ಎಂದು ಕೈಚೆಲ್ಲಬೇಡಿ.

ಸಿಗದಿರುವ ಕಡೆ ಅದರ ಕೆಲಸದ ದೊಡ್ಡ ಪಾಲನ್ನು ಇಟ್ಟಿಗೆ ನುಚ್ಚು ಮಾಡುತ್ತದೆ. ಚೆನ್ನಾಗಿ ಸುಟ್ಟ, ಕೆಂಪು, ಸರಂಧ್ರವಾದ ಇಟ್ಟಿಗೆ ಬೇಕು. ಪರೀಕ್ಷೆ ಹೀಗೆ: ಒಂದು ಹಿಡಿ ನುಚ್ಚನ್ನು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಒಂದು ವಾರ ಬಿಡಿ, ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ಹರಳು ಇಟ್ಟು ಉಜ್ಜಿ. ಬೆರಳಿಗೆ ತೆಳು ಕೆಂಪು ಹತ್ತಿದರೆ ಪರವಾಗಿಲ್ಲ. ಹರಳೇ ಮೆತ್ತಗಾಗಿ ಅರೆದುಹೋದರೆ ಅರೆಬೆಂದ ಇಟ್ಟಿಗೆ ಅದು, ಕುಂಡದಲ್ಲಿ ಮತ್ತೆ ಮಣ್ಣಾಗುತ್ತದೆ. ಸಿಮೆಂಟ್ ಗಾರೆ ಅಂಟಿಕೊಂಡಿರುವ ಹಳೆ ಇಟ್ಟಿಗೆ ಬೇಡವೇ ಬೇಡ. ಗಾರೆಯ ಸುಣ್ಣ ಮಣ್ಣನ್ನು ಕ್ಷಾರಗೊಳಿಸುತ್ತದೆ, ಆಗ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ನರ ಮಾತ್ರ ಹಸಿರು ಉಳಿದು ಬಿಳಿಚಿಕೊಳ್ಳುತ್ತವೆ. ಅನುಮಾನವಿದ್ದರೆ ನುಚ್ಚಿನ ಮೇಲೆ ವಿನೆಗರ್ ಹನಿಸಿ. ಬುರುಬುರು ಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ. ಅಮೃತಶಿಲೆಯ ಚೂರು, ಚಿಪ್ಪಿನ ಚೂರು ಬೆರೆತ ಮರಳು ಕೂಡ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಸಮುದ್ರದ ಮರಳಿನ ಉಪ್ಪು ಮಾತ್ರ ವಿನೆಗರ್‌ಗೆ ಕಾಣುವುದಿಲ್ಲ, ಅದನ್ನು ತರಲೇಬೇಡಿ.

ಪರ್ಲೈಟ್ ಎಂದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರಳಿಸಿದ ಜ್ವಾಲಾಮುಖಿ ಗಾಜು. ಗಾಳಿಗೆ ಒಳ್ಳೆಯದು, ಸುಲಭವಾಗಿ ಸಿಗುತ್ತದೆ. ಆದರೆ ನೀರು ಹಾಕಿದಾಗಲೆಲ್ಲ ಮೇಲೆ ತೇಲಿಬರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಬೋನ್ಸಾಯ್‌ನ ಬುಡವನ್ನು ಅಲ್ಲಾಡದಂತೆ ಹಿಡಿಯಲು ಅದಕ್ಕೆ ಭಾರ ಸಾಲದು. ಸಕ್ಯುಲೆಂಟ್ ಮಿಶ್ರಣದಲ್ಲಿ ಪಾಲುದಾರನಾಗಿ ಇರಲಿ. ವರ್ಮಿಕ್ಯುಲೈಟ್ ಹೆಸರು ಅದರ ಜೊತೆಗೇ ಬರುತ್ತದೆ, ಗುಣ ಮಾತ್ರ ತದ್ವಿರುದ್ಧ. ನೀರು ಹೀರಿಕೊಂಡು ಕಾಲಕ್ರಮೇಣ ಪದರ ಪದರವಾಗಿ ಅಪ್ಪಚ್ಚಿಯಾಗುತ್ತದೆ. ಬೀಜ ಮೊಳೆಸಲು ಚೆನ್ನ, ಈ ಎರಡು ಬಗೆಯ ಗಿಡಗಳಿಗೆ ನಾನು ಬಳಸುವುದಿಲ್ಲ.

ದಪ್ಪ ಮರಳು ತೊಳೆದದ್ದಾದರೆ, 2 ಮಿ.ಮೀ. ಮೇಲಿನ ಕಾಳುಗಳಿದ್ದರೆ ಸರಿ. ಅದು ಪಸೆಯನ್ನೂ ಗೊಬ್ಬರವನ್ನೂ ಹಿಡಿಯುವುದಿಲ್ಲ, ಭಾರ ಮಾತ್ರ ಕೊಡುತ್ತದೆ.

ಕೊಕೊಪೀಟ್ ಬಗ್ಗೆ ಎರಡು ಮಾತು. ತೆಂಗಿನ ನಾರಿನ ಈ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಉಳಿದಿರುತ್ತವೆ. ಇಟ್ಟಿಗೆಯಂತೆ ಅಚ್ಚು ಹಾಕಿದ್ದನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಹಿಂಡಿ, ಹೊಸ ನೀರು ಹಾಕಿ ಮತ್ತೆ ಹಿಂಡಿ. ಹಿಂಡಿದ ನೀರಿನ ಕಡುಗಂದು ತಿಳಿಯಾಗುತ್ತ ಬರುವವರೆಗೆ ಇದನ್ನು ಮಾಡಬೇಕು. ಪುಡಿಗಿಂತ ಚೂರು ಚೂರಾಗಿ ಕತ್ತರಿಸಿದ ತೆಂಗಿನ ಸಿಪ್ಪೆ ಸಿಕ್ಕರೆ ಅದು ಎಷ್ಟೋ ಮೇಲು. ಜೌಗು ನೆಲದಲ್ಲಿ ಕಳಿತ ಪಾಚಿಯಿಂದಾದ ಪೀಟ್ ಮಾಸ್ ಇದಕ್ಕಿಂತ ಆಮ್ಲೀಯ, ಮತ್ತು ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಸುರಿದ ನೀರು ಕುಂಡದ ಅಂಚಿನಿಂದ ಜಾರಿ ತೂತಿನಿಂದ ಹೊರಬರುತ್ತದೆ, ನಡುವಿನ ಉಂಡೆ ಒಣಗೇ ಇರುತ್ತದೆ. ಸಕ್ಯುಲೆಂಟ್‌ಗಳು ಬಾಯಾರಿ ಸಾಯುವುದು ಹೆಚ್ಚಾಗಿ ಇಂಥ ಮಣ್ಣಿನಲ್ಲಿ.

ಇದ್ದಿಲು ಹಾಕಲೇಬೇಕೇ ಎಂದು ಕೇಳುವವರಿದ್ದಾರೆ. ಹಾಕಿದರೆ ನಷ್ಟವಿಲ್ಲ, ಹಾಕದಿದ್ದರೂ ಗಿಡ ಕೇಳುವುದಿಲ್ಲ. ಜಿಯೊಲೈಟ್ ಹರಳು ಗೊಬ್ಬರದ ಅಮೋನಿಯಂ ಅನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಉಪಯೋಗವಿದೆ. ಬೆಕ್ಕಿನ ಮಲಮೂತ್ರ ಹೀರಲು ತಟ್ಟೆಗೆ ಹಾಕುವ ಲಿಟರ್ ಹರಳನ್ನು ಕುಂಡಕ್ಕೆ ಬಳಸುವವರು ಎಚ್ಚರಿಕೆಯಿಂದಿರಿ: ಒದ್ದೆಯಾದಾಗ ಉಂಡೆ ಕಟ್ಟುವ ಬೆಂಟೊನೈಟ್ ಬಗೆಯದ್ದು ಕುಂಡದಲ್ಲಿ ಅಂಟಾಗಿ ಬೇರಿನ ಉಸಿರು ಕಟ್ಟಿಸುತ್ತದೆ.

ಸಕ್ಯುಲೆಂಟ್‌ಗೆ ಎಷ್ಟೆಷ್ಟು

ಹಗಲು ಬಿಸಿಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವ ಗಿಡಗಳು ಇವುಗಳಲ್ಲಿ ಬಹುಪಾಲು. ನೀರು ಖರ್ಚಾಗುವುದೇ ಕಡಿಮೆ. ಹಾಗಾಗಿ ಕುಂಡದ ಒದ್ದೆಯನ್ನು ಗಿಡ ಹೀರಿ ಒಣಗಿಸುತ್ತದೆ ಎಂದು ನಂಬಿ ಕೂರುವಂತಿಲ್ಲ, ಮಣ್ಣೇ ಒಣಗಬೇಕು. ನೀರು ಹಾಕಿದ ಮೇಲೆ ಎರಡು ಮೂರು ದಿನದಲ್ಲಿ ಒಳಗೂ ಒಣಗಿದರೆ ಹದ ಸರಿ ಇದೆ. ವಾರ ಕಳೆದರೂ ಕಡ್ಡಿ ಚುಚ್ಚಿದಾಗ ತುದಿಗೆ ಮಣ್ಣು ಮೆತ್ತಿಕೊಂಡು ಬಂದರೆ ಹರಳಿನ ಪಾಲು ಹೆಚ್ಚಿಸಿ.

ಎಚೆವೆರಿಯ, ಸೀಡಂ, ಕಲಾಂಚೊ, ಹಾವರ್ಥಿಯ ಇಂಥವಕ್ಕೆ ನಾನು ಮೂರು ಪಾಲು ಹರಳು, ಒಂದು ಪಾಲು ಸಾವಯವ ಎಂದು ಅಳೆಯುತ್ತೇನೆ. ಹರಳೆಂದರೆ ಪ್ಯೂಮಿಸ್, ಇಟ್ಟಿಗೆ ನುಚ್ಚು, ದಪ್ಪ ಮರಳು, ಪರ್ಲೈಟ್ ಇವುಗಳಲ್ಲಿ ಎರಡು ಮೂರು ಸೇರಿದ್ದು. ಸಾವಯವವೆಂದರೆ ತೊಳೆದ ಕೊಕೊ ಸಿಪ್ಪೆ, ಜೊತೆಗೆ ಸೋಸಿದ, ಪೂರ್ತಿ ಕಳಿತ ಎರೆಗೊಬ್ಬರ ಸ್ವಲ್ಪ. ಹಸಿ ಸಗಣಿ ಗೊಬ್ಬರ ಹಾಕಬೇಡಿ. ಲಿಥಾಪ್ಸ್‌ಗೆ ಮತ್ತು ಅದರ ಬಳಗದ ಕಲ್ಲಿನಂಥ ಗಿಡಗಳಿಗೆ ಸಾವಯವ ಹತ್ತರಲ್ಲಿ ಒಂದು ಪಾಲು ದಾಟಬಾರದು. ಹೆಚ್ಚು ತಿಂದು ಕುಡಿದರೆ ಅವು ಊದಿಕೊಂಡು ಸಿಡಿಯುತ್ತವೆ. ಅಡೀನಿಯಂಗೆ ದಪ್ಪ ಹರಳು, 4 ರಿಂದ 6 ಮಿ.ಮೀ. ಅದರ ಉಬ್ಬಿದ ಬುಡ ತಂಪು ಕಾಲದಲ್ಲಿ ಒದ್ದೆಯನ್ನು ಒಂದಿಷ್ಟೂ ಸಹಿಸುವುದಿಲ್ಲ.

ಕ್ಯಾಕ್ಟಸ್ ಎಂದು ಹೆಸರಿದ್ದ ಮಾತ್ರಕ್ಕೆ ಎಲ್ಲದಕ್ಕೂ ಒಣ ಮಣ್ಣು ಬೇಕಿಲ್ಲ. ಚಳಿಗಾಲದಲ್ಲಿ ಹೂ ಬಿಡುವ, ಚಪ್ಪಟೆ ಕಾಂಡ ಜೋತುಬೀಳುವ ಶ್ಲುಂಬರ್ಗೆರ ಬ್ರೆಜಿಲ್‌ನ ತೇವದ ಕಾಡುಗಳಲ್ಲಿ ಮರದ ಕೊಂಬೆ ಮೇಲೆ ಬೆಳೆಯುವ ಗಿಡ. ಅದಕ್ಕೆ ತೊಗಟೆ ಚೂರು, ಕೊಕೊ ಸಿಪ್ಪೆ, ಪರ್ಲೈಟ್ ಸೇರಿಸಿದ ಸಡಿಲ ಮಿಶ್ರಣವೇ ಸರಿ, ಅರ್ಧದಷ್ಟು ಸಾವಯವ ಇರಬಹುದು.

ಅಂಗಡಿಯ ಚೀಲದಲ್ಲಿ ಕ್ಯಾಕ್ಟಸ್ ಮಣ್ಣು ಎಂದು ಬರೆದಿರುವುದನ್ನು ಹಾಗೇ ತುಂಬಬೇಡಿ. ಒಂದು ಹಿಡಿ ತೆಗೆದು 1.5 ಮಿ.ಮೀ. ಜರಡಿಯಲ್ಲಿ ಆಡಿಸಿ ನೋಡಿ. ಮುಕ್ಕಾಲು ಪಾಲು ಕೆಳಗಿಳಿದರೆ ಅದು ಕೊಕೊಪೀಟ್‌ಗೆ ನಾಲ್ಕು ಕಾಳು ಮರಳು ಬೆರೆಸಿದ ಮಾಲು. ಅಷ್ಟೇ ಅಳತೆಯ ಹರಳನ್ನೋ ಅದರ ಎರಡರಷ್ಟನ್ನೋ ಸೇರಿಸಿದ ಮೇಲೆ ಬಳಸಿ.

ಬೋನ್ಸಾಯ್‌ಗೆ ಎಷ್ಟೆಷ್ಟು

ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಮರ ಎಲೆಗಳಿಂದ ನೀರು ಹೊರಹಾಕುತ್ತಲೇ ಇರುತ್ತದೆ, ಕುಂಡವೋ ಪುಟ್ಟದು. ಬೇಗ ಬಸಿಯಬೇಕು, ಪಸೆಯೂ ಉಳಿಯಬೇಕು. ಅದಕ್ಕೇ ಒಳಗೆ ತೂತುಗಳಿರುವ ಹರಳಿಗೆ ಇಲ್ಲಿ ಇಷ್ಟು ಬೆಲೆ: ನೀರು ಹರಳಿನ ಹೊಟ್ಟೆಯೊಳಗೆ, ಗಾಳಿ ಹರಳುಗಳ ನಡುವೆ.

ಅಕಡಾಮ, ಪ್ಯೂಮಿಸ್, ಲಾವಾ ಮೂರನ್ನೂ ಸಮಪಾಲು ಬೆರೆಸುವುದು ಬಹಳ ಕಡೆ ನಡೆದುಬಂದ ಕ್ರಮ, ಎಲ್ಲಿಂದ ಶುರುಮಾಡಬೇಕು ಎಂದು ತೋಚದವರಿಗೆ ಅದೇ ಒಳ್ಳೆಯ ಮೊದಲ ಹೆಜ್ಜೆ. ಎಲೆ ಉದುರಿಸುವ ಮೇಪಲ್‌ನಂಥ ಮರಗಳಿಗೆ ಅಕಡಾಮದ ಪಾಲು ಅರ್ಧಕ್ಕೆ ಏರಿಸಬಹುದು. ಪೈನ್, ಜುನಿಪರ್‌ಗೆ ಅದನ್ನು ಇಳಿಸಿ ಪ್ಯೂಮಿಸ್, ಲಾವಾ ಹೆಚ್ಚಿಸಬೇಕು. ಅಕಡಾಮ ಇಲ್ಲದ ಮಿಶ್ರಣ ನನ್ನ ಫೈಕಸ್‌ಗಳಿಗೆ ಹೀಗಿದೆ: ಎರಡು ಪಾಲು ಇಟ್ಟಿಗೆ ನುಚ್ಚು, ಒಂದು ಪಾಲು ಪ್ಯೂಮಿಸ್, ಒಂದು ಪಾಲು ಕೊಕೊ ಸಿಪ್ಪೆಯ ಸಣ್ಣ ಚೂರು. ಫೈಕಸ್ ಸಹನೆಯ ಮರ, ಹೊಸಬರು ಅದರಿಂದಲೇ ಆರಂಭಿಸಲಿ ಎಂದು ನಾನು ಹೇಳುವುದು ಇದಕ್ಕೇ.

ಅಜೇಲಿಯದ ದಾರಿ ಬೇರೆ. ಅದಕ್ಕೆ ಪಿಎಚ್ 4.5 ರಿಂದ 6 ರೊಳಗಿನ ಆಮ್ಲೀಯ ಮಣ್ಣು ಬೇಕು. ಜಪಾನಿನ ಕನುಮ ಹರಳು ಅದಕ್ಕೆ ಹೇಳಿ ಮಾಡಿಸಿದಂತಿದೆ, ಸಿಗದಿದ್ದರೆ ಪ್ಯೂಮಿಸ್ ಜೊತೆ ಪೀಟ್ ಬೆರೆಸಬಹುದು. ಗಡಸು ನೀರು ಹಾಕುತ್ತ ಹೋದರೆ ಮಾತ್ರ ಎಂಥ ಆಮ್ಲೀಯ ಮಣ್ಣೂ ನಿಧಾನವಾಗಿ ಕ್ಷಾರದ ಕಡೆ ವಾಲುತ್ತದೆ. ಮಳೆನೀರು ಹಿಡಿದಿಟ್ಟು ಹಾಕುವುದು ಇದಕ್ಕಿರುವ ಅತಿ ಸುಲಭದ ಉಪಾಯ.

ಇನ್ನು ಜೇಡ್, ಮತ್ತು ಅದರ ಹಾಗೆ ಕಾಣುವ ಪೋರ್ಟುಲಕೇರಿಯ. ಬೋನ್ಸಾಯ್ ರೂಪಕ್ಕೆ ಬಗ್ಗಿಸಿದರೂ ಇವು ಮೂಲದಲ್ಲಿ ಸಕ್ಯುಲೆಂಟ್. ಚಪ್ಪಟೆ ಕುಂಡ, ನೀರು ತುಂಬಿದ ಕಾಂಡ, ಎರಡು ಅಪಾಯವೂ ಒಟ್ಟಿಗೆ. ಇವಕ್ಕೆ ಸಾವಯವವನ್ನು ಪೂರ್ತಿ ಬಿಟ್ಟು, ಪ್ಯೂಮಿಸ್ ಮತ್ತು ಇಟ್ಟಿಗೆ ನುಚ್ಚು ಮಾತ್ರ, 3 ಮಿ.ಮೀ. ಮೇಲಿನದ್ದು ಕೊಡುತ್ತೇನೆ. ಕಾಂಡ ಗಟ್ಟಿಯಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಎಲೆ ಒತ್ತೊತ್ತಾಗಿ ಬರುತ್ತದೆ.

ಮಿಶ್ರಣವನ್ನು ಅಳೆದು ನೋಡುವುದು

ಪಾಲು ಎಷ್ಟೇ ಬರೆದುಕೊಟ್ಟರೂ ನಿಮ್ಮ ಇಟ್ಟಿಗೆ ನನ್ನ ಇಟ್ಟಿಗೆಯ ಹಾಗಿರುವುದಿಲ್ಲ. ಆದ್ದರಿಂದ ನೆಡುವ ಮೊದಲು ಅಳೆಯಿರಿ. ನೀವು ನೆಡಲಿರುವ ಕುಂಡದಷ್ಟೇ ಆಳದ ಒಂದು ಡಬ್ಬಿಗೆ ತಳದಲ್ಲಿ ತೂತು ಮಾಡಿ, ಹೊರಗಿನಿಂದ ಟೇಪ್ ಹಚ್ಚಿ ಮುಚ್ಚಿ. ಡಬ್ಬಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಮೊದಲೇ ಅಳೆದಿಟ್ಟುಕೊಳ್ಳಿ. 1000 ಮಿಲಿಲೀಟರ್ ಅನ್ನೋಣ. ಈಗ ಒಣ ಮಿಶ್ರಣ ತುಂಬಿ, ಎರಡು ಮೂರು ಸಲ ಮೆಲ್ಲಗೆ ಕುಟ್ಟಿ ಕೂರಿಸಿ. ಅಳತೆಯ ಪಾತ್ರೆಯಿಂದ ಅಂಚಿನಲ್ಲಿ ನಿಧಾನವಾಗಿ ನೀರು ಬಿಡುತ್ತ ಬನ್ನಿ, ಮೇಲ್ಮೈ ಮಿನುಗಿದಾಗ ನಿಲ್ಲಿಸಿ. ಗಂಟೆ ಬಿಟ್ಟು ನೋಡಿದರೆ ಹರಳುಗಳು ಹೀರಿಕೊಂಡು ನೀರು ಇಳಿದಿರುತ್ತದೆ, ಮತ್ತೆ ತುಂಬಿ. ಒಟ್ಟು 550 ಮಿ.ಲೀ. ಹಿಡಿಯಿತು ಅಂದರೆ ಡಬ್ಬಿಯಲ್ಲಿ ಶೇ. 55 ಸಂದು ಇದೆ. ಕೆಳಗೆ ತಟ್ಟೆ ಇಟ್ಟು ಟೇಪ್ ಕೀಳಿ. ತೊಟ್ಟಿಕ್ಕುವುದು ನಿಂತ ಮೇಲೆ ತಟ್ಟೆಯ ನೀರನ್ನು ಅಳೆಯಿರಿ. 300 ಮಿ.ಲೀ. ಬಂದಿದ್ದರೆ ಅಷ್ಟು ಜಾಗಕ್ಕೆ ಈಗ ಗಾಳಿ ಹೊಕ್ಕಿದೆ, ಅಂದರೆ ಶೇ. 30 ಗಾಳಿ, ಶೇ. 25 ನೀರು.

ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ಸಕ್ಯುಲೆಂಟ್‌ಗೆ ಗಾಳಿ ಶೇ. 30ಕ್ಕಿಂತ ಮೇಲಿರಬೇಕು. ಬೋನ್ಸಾಯ್‌ಗೆ 20 ರಿಂದ 30. ಹದಿನೈದಕ್ಕಿಂತ ಕೆಳಗೆ ಬಂದ ಮಿಶ್ರಣವನ್ನು ಮತ್ತೆ ಜರಡಿಗೆ ಸುರಿಯುತ್ತೇನೆ. ಅಳೆಯುವ ಡಬ್ಬಿ ಎತ್ತರದ್ದಾಗಿದ್ದರೆ ಲೆಕ್ಕ ಮೋಸ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ಸ್ಪಂಜು ನೆಟ್ಟಗೆ ನಿಂತಾಗ ಹೆಚ್ಚು ನೀರು ಬಿಟ್ಟಿತಲ್ಲ, ಹಾಗೆಯೇ.

ಬಿಸಿಲು ಜೋರಾಗಿದ್ದು, ದಿನಕ್ಕೊಮ್ಮೆ ಮಾತ್ರ ನೀರು ಹಾಕಲು ಬಿಡುವಿರುವವರು ಪಸೆಯ ಕಡೆ ತುಸು ವಾಲಬಹುದು. ಮಳೆಗೆ ಒಡ್ಡಿಟ್ಟ ಕುಂಡಗಳಿಗೆ, ಗಾಳಿಯಾಡದ ಕೋಣೆಯೊಳಗಿನ ಕುಂಡಗಳಿಗೆ, ಆಗಾಗ ನೀರು ಹಾಕದೆ ಕೈ ಸುಮ್ಮನಿರದವರಿಗೆ ಹರಳು ಹೆಚ್ಚಿರಲಿ.

ನೆಡುವಾಗ ಮತ್ತು ನೆಟ್ಟ ಮೇಲೆ

ನರ್ಸರಿಯಿಂದ ತಂದ ಗಿಡದ ಬೇರು ಉಂಡೆಯನ್ನು ಹಾಗೇ ಇಟ್ಟು ಸುತ್ತ ಹೊಸ ಹರಳು ತುಂಬಿದರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ವ್ಯರ್ಥ. ಸುತ್ತಲಿನ ಹರಳು ಬೇಗ ಒಣಗುತ್ತದೆ, ನಡುವಿನ ನುಣುಪು ಉಂಡೆ ಒದ್ದೆಯಾಗೇ ಉಳಿಯುತ್ತದೆ, ಇಲ್ಲವೇ ಒಮ್ಮೆ ಒಣಗಿ ಆಮೇಲೆ ನೀರೇ ಕುಡಿಯುವುದಿಲ್ಲ. ಮೇಲಿನಿಂದ ನೋಡಿದವರಿಗೆ ಎರಡೂ ಗೊತ್ತಾಗುವುದಿಲ್ಲ. ಸಕ್ಯುಲೆಂಟ್ ಆದರೆ ಹಳೆ ಮಣ್ಣನ್ನು ಪೂರ್ತಿ ಉದುರಿಸಿ ಬೇರು ಬರಿದಾಗಿಸಬಹುದು. ಬುಡದ ನಡುವೆ ಬಲೆಯಂಥ ಚೀಲವೇನಾದರೂ ಸಿಕ್ಕಿದರೆ ಅದನ್ನೂ ಕತ್ತರಿಸಿ ತೆಗೆಯಿರಿ. ಬೋನ್ಸಾಯ್‌ನಲ್ಲಿ ಹೊರಗಿನಿಂದ ಒಳಕ್ಕೆ ಕಡ್ಡಿಯಿಂದ ಬಿಡಿಸುತ್ತ ಹೋಗಬೇಕು. ಪೈನ್, ಜುನಿಪರ್ ಆದರೆ ಒಂದೇ ಸಲಕ್ಕೆ ಪೂರ್ತಿ ತೆಗೆಯದೆ ಒಂದು ಬದಿ ಈ ಸಲ, ಇನ್ನೊಂದು ಬದಿ ಮುಂದಿನ ಸಲ.

ಹರಳು ತುಂಬುವಾಗ ಅಂಗೈಯಿಂದ ಒತ್ತಬೇಡಿ. ಒಂದು ಕಡ್ಡಿ ತೆಗೆದುಕೊಂಡು ಬೇರುಗಳ ನಡುವೆ ಮೇಲೆ ಕೆಳಗೆ ಆಡಿಸಿ, ಹರಳುಗಳು ತಾವಾಗಿ ಇಳಿದು ಖಾಲಿ ಜಾಗ ತುಂಬುತ್ತವೆ. ಕಡ್ಡಿ ಇನ್ನು ಸಲೀಸಾಗಿ ಇಳಿಯುವುದಿಲ್ಲ ಅನ್ನಿಸಿದಾಗ ಸಾಕು. ಬೋನ್ಸಾಯ್ ಬುಡವನ್ನು ತಂತಿಯಿಂದ ಕುಂಡಕ್ಕೆ ಬಿಗಿಯಿರಿ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತಲೇ ಇರುತ್ತದೆ.

ನೀರು ಹಾಕುವ ವಿಷಯದಲ್ಲಿ ಇಬ್ಬರ ದಾರಿ ಇಲ್ಲಿ ಬೇರೆಯಾಗುತ್ತದೆ. ಬೋನ್ಸಾಯ್‌ಗೆ ನೆಟ್ಟ ಕೂಡಲೇ ನೀರು, ತಳದಿಂದ ಬರುವ ಕೆಂಪು ನೀರು ತಿಳಿಯಾಗುವವರೆಗೆ. ಉಳಿದ ಧೂಳೆಲ್ಲ ಆಗ ತೊಳೆದುಹೋಗುತ್ತದೆ. ಸಕ್ಯುಲೆಂಟ್‌ಗೆ ಸುಮಾರು ಒಂದು ವಾರ ನೀರು ಬೇಡ, ಕಿತ್ತ ಬೇರಿನ ಗಾಯ ಒಣಗಲಿ. ಅದರ ಹರಳನ್ನು ನೆಡುವ ಮೊದಲೇ ತೊಳೆದು ಒಣಗಿಸಿಟ್ಟುಕೊಳ್ಳುವುದು ಇದಕ್ಕಾಗಿ.

ಹರಳಿನಲ್ಲಿ ಗಿಡಕ್ಕೆ ಆಹಾರವಿಲ್ಲ. ಇದನ್ನು ಒಪ್ಪಿಕೊಂಡೇ ಈ ದಾರಿಗೆ ಬರಬೇಕು. ಬೆಳೆಯುವ ಕಾಲದಲ್ಲಿ ಬೋನ್ಸಾಯ್‌ಗೆ ಎರಡು ವಾರಕ್ಕೊಮ್ಮೆ ದ್ರವ ಗೊಬ್ಬರ, ಸಕ್ಯುಲೆಂಟ್‌ಗೆ ತಿಂಗಳಿಗೊಮ್ಮೆ ಅರ್ಧ ಬಲಕ್ಕೆ ತೆಳು ಮಾಡಿದ್ದು. ಹರಳಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದರೆ ಗೊಬ್ಬರ ನಿಲ್ಲಿಸಿ, ಕುಂಡದ ಅಳತೆಯ ಎರಡು ಮೂರರಷ್ಟು ಸಾದಾ ನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ.

ಮಣ್ಣು ಬದಲಿಸುವ ಕಾಲ ಬಂದಿದೆಯೇ ಎಂದು ಕ್ಯಾಲೆಂಡರ್ ನೋಡಿ ಹೇಳಲಾಗದು, ನೀರು ಇಳಿಯುವುದನ್ನು ನೋಡಿ ಹೇಳಬಹುದು. ಹೊಸ ಮಿಶ್ರಣದಲ್ಲಿ ಸುರಿದ ನೀರು ಕಣ್ಣೆದುರೇ ಒಳಗೆ ಮಾಯವಾಗುತ್ತದೆ. ಮೇಲೆ ಕೆರೆಯಂತೆ ನಿಂತು ಅರ್ಧ ನಿಮಿಷ ತೆಗೆದುಕೊಳ್ಳತೊಡಗಿದರೆ ಮೊದಲು ಮೇಲಿನ ಒಂದು ಸೆಂಟಿಮೀಟರ್ ಕೆರೆದು ಹೊಸ ಹರಳು ಹಾಕಿ ನೋಡಿ, ಎಷ್ಟೋ ಸಲ ಪಾಚಿ ಮತ್ತು ಧೂಳು ಕಟ್ಟಿಕೊಂಡಿರುವುದು ಅಲ್ಲಿ ಮಾತ್ರ. ಆದರೂ ನಿಂತರೆ ಒಳಗಿನ ಹರಳು ಪುಡಿಯಾಗಿದೆ, ಇಲ್ಲವೇ ಬೇರು ತುಂಬಿಕೊಂಡಿದೆ. ಬೋನ್ಸಾಯ್ ಆದರೆ ಮುಂದಿನ ಚಿಗುರು ಒಡೆಯುವ ಮೊದಲು ಕುಂಡದಿಂದ ಎತ್ತಿ. ಸಕ್ಯುಲೆಂಟ್ ಆದರೆ ಅದು ಬೆಳೆಯಲು ಶುರುಮಾಡುವ ಕಾಲಕ್ಕೆ, ಮಣ್ಣು ಪೂರ್ತಿ ಒಣಗಿರುವಾಗ ಎತ್ತಿ. ಹಳೆ ಪ್ಯೂಮಿಸ್, ಲಾವಾ, ಗಟ್ಟಿ ಇಟ್ಟಿಗೆ ನುಚ್ಚನ್ನು ಎಸೆಯಬೇಡಿ. ಬೇರು ರೋಗವಿಲ್ಲದ ಕುಂಡದ್ದಾದರೆ ಸೋಸಿ, ತೊಳೆದು, ಬಿಸಿಲಿಗೆ ಹರಡಿ ಒಣಗಿಸಿ ಮತ್ತೆ ಡಬ್ಬಿಗೆ ತುಂಬಿಡಿ. ಕೊಳೆತ ಬೇರು ಕಂಡ ಕುಂಡದ್ದನ್ನು ಮಾತ್ರ ಮತ್ತೆ ಯಾವ ಕುಂಡಕ್ಕೂ ಬೆರೆಸಬೇಡಿ.